ಸಹಾಯ ಬೇಕು: ಹಳೇ ಬೀಟಲ್‌ನ ಒರಿಜಿನಲ್ ಡ್ರಮ್‌ಗೆ ಅಲಾಯ್ ವೀಲ್
ಎಲ್ಲರಿಗೂ ನಮಸ್ಕಾರ. ನನ್ನದು 1965ರ ಫೋಕ್ಸ್‌ವ್ಯಾಗನ್ ಬೀಟಲ್. ನಾಲ್ಕೂ ಬ್ರೇಕ್ ಡ್ರಮ್ ಒರಿಜಿನಲ್, ಐದು ಬೋಲ್ಟ್, ಪಿಸಿಡಿ (ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) 205 ಮಿ.ಮೀ. ಆಸೆಪಟ್ಟು ತಂದ ಅಲಾಯ್ ವೀಲ್‌ಗಳು ಪೋರ್ಷೆ ಅಳತೆಯವು, ಅಂದರೆ 130. ಅದಕ್ಕೇ ಡ್ರಮ್‌ಗೂ ವೀಲ್‌ಗೂ ಮಧ್ಯೆ ಎರಡನ್ನೂ ಜೋಡಿಸುವ ಅಡಾಪ್ಟರ್ ಹಾಕಿಸಿದೆ. ಮುಂದೆ ಚೆನ್ನಾಗಿ ಕೂತಿದೆ. ತೊಂದರೆ ಇರುವುದು ಹಿಂದೆ.

ಅಡಾಪ್ಟರ್ ದಪ್ಪಕ್ಕೆ ಚಕ್ರ ಹೊರಗೆ ಬಂದಿದೆ. ಹಿಂದಿನ ಸೀಟಲ್ಲಿ ಇಬ್ಬರು ಕೂತರೆ ಸಾಕು, ಟೈರಿನ ಹೊರ ಅಂಚು ಮಡ್‌ಗಾರ್ಡಿಗೆ ಉಜ್ಜುತ್ತದೆ. ಒಳಗಿನ ಪೇಂಟ್ ಹೋಗಿ ತಗಡು ಕಾಣುತ್ತಿದೆ. ಸಣ್ಣ ಟೈರ್ ಹಾಕಿದರೂ ಅಷ್ಟೇ. ಮೆಕ್ಯಾನಿಕ್ 130ರ ಹೊಸ ಡ್ರಮ್ ಹಾಕಿಸಿ ಅನ್ನುತ್ತಾರೆ. ಒರಿಜಿನಲ್ ಡ್ರಮ್ ಬಿಚ್ಚಲು ನನಗೆ ಖಂಡಿತ ಮನಸ್ಸಿಲ್ಲ.

ಹಿಂದೆ ಅಡಾಪ್ಟರ್ ಉಳಿಸಿಕೊಂಡು ಓಡಿಸುತ್ತಿರುವವರು ದಯವಿಟ್ಟು ಹೇಳಿ: ಅಡಾಪ್ಟರ್ ಎಷ್ಟು ದಪ್ಪ, ವೀಲ್‌ನ ಇಟಿ (ಆಫ್‌ಸೆಟ್, ಅಂದರೆ ವೀಲ್ ಅಗಲದ ನಡುಗೆರೆಯಿಂದ ಅದು ಬೋಲ್ಟ್ ಆಗುವ ಮುಖಕ್ಕೆ ಇರುವ ದೂರ) ಎಷ್ಟಿದ್ದರೆ ಉಜ್ಜುವುದಿಲ್ಲ?