ಮಂಡ್ಯ: 25 ಕೆ.ಜಿ. ಹಳೇ ರೀಫ್ ಕಲ್ಲು, ಮೂರು ವಾರ ಆದರೂ ಅಮೋನಿಯಾ ಇಳಿಯುತ್ತಿಲ್ಲ

ಸಕ್ಕರೆನಾಡು_ಟ್ಯಾಂಕ್
ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸ್ನೇಹಿತರೊಬ್ಬರು ಸಮುದ್ರದ ಮೀನಿನ ಟ್ಯಾಂಕ್ ತೆಗೆಯುವಾಗ ಕೊಟ್ಟ ರೀಫ್ ಕಲ್ಲು, ಅಂದ್ರೆ ಸತ್ತ ಹವಳದ ತೂತು ತೂತು ಕಲ್ಲು, ಎರಡು ವರ್ಷದಿಂದ ಒಣಗಿ ಬಿದ್ದಿತ್ತು. ಈಗ ಮೂರಡಿ ಟ್ಯಾಂಕ್ ತಂದಿದ್ದೇನೆ. ಕಲ್ಲನ್ನು ಬ್ರಷ್ಷಿನಲ್ಲಿ ಉಜ್ಜಿ, ಒಂದು ದಿನ ಬ್ಲೀಚಿನಲ್ಲಿ ನೆನೆಸಿ, ತೊಳೆದು, ತಾರಸಿ ಮೇಲೆ ನಾಲ್ಕು ದಿನ ಬಿಸಿಲಿಗೆ ಹಾಕಿದೆ. ಬ್ಲೀಚ್ ಸುರಿದಾಗ ಕಣ್ಣು, ಗಂಟಲು ಉರಿದು ನಿಲ್ಲೋಕೇ ಆಗಲಿಲ್ಲ. ಆಮೇಲೆ ನೀಲಿ ಡ್ರಮ್ಮಿನಲ್ಲಿ ಉಪ್ಪುನೀರು, ಹೀಟರ್, ನೀರು ಅಲೆಯಾಡಿಸೋ ವೇವ್‌ಮೇಕರ್. ಇವತ್ತಿಗೆ ಮೂರು ವಾರ. ಎರಡು ಸಲ ಅರ್ಧರ್ಧ ನೀರು ಬದಲಾಯಿಸಿದೆ. ಅಮೋನಿಯಾ ಇನ್ನೂ 4 ಪಿಪಿಎಂ (ಹತ್ತು ಲಕ್ಷಕ್ಕೆ 4 ಪಾಲು), ಸೊನ್ನೆ ಆಗದೆ ಮೀನು ಬಿಡೋ ಹಾಗಿಲ್ಲ. ಫಾಸ್ಫೇಟ್ ಕಿಟ್‌ನಲ್ಲಿ ಕಡೇ ಬಣ್ಣ, ಅಂದ್ರೆ ಅತಿ ಹೆಚ್ಚು. ಉಪ್ಪಿನ ದುಡ್ಡೆಲ್ಲ ಚರಂಡಿ ಪಾಲಾಯ್ತು. ಮಗಳು ದಿನಾ "ಅಪ್ಪಾ, ಮೀನು ಯಾವಾಗ ಬರುತ್ತೆ" ಅಂತಾಳೆ. ಎಲ್ಲಿ ತಪ್ಪಾಗಿದೆ?

ನಾಲ್ಕಡಿ_ರೀಫ್
ನೀರಿನದ್ದೇ ಸಮಸ್ಯೆ. ಬೋರ್ ನೀರಾ?

ಸಕ್ಕರೆನಾಡು_ಟ್ಯಾಂಕ್
ಇಲ್ಲ ಸಾರ್, ಆರ್‌ಓ. ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) 4.

ನಾಲ್ಕಡಿ_ರೀಫ್
4 ಇದ್ರೂ ಜಾಸ್ತೀನೇ. ಸೊನ್ನೆ ಬರಬೇಕು. ಮೆಂಬ್ರೇನ್ ಹೋಗಿರುತ್ತೆ, ಬದಲಾಯಿಸಿ. ಹಿಂದೆ ಒಂದು ಡಿಐ ಕಾರ್ಟ್ರಿಡ್ಜ್ (ಉಳಿದ ಲವಣ ಹಿಡಿಯೋ ಫಿಲ್ಟರ್) ಹಾಕಿ. ನನ್ನ ಟ್ಯಾಂಕಿಗೆ ಎರಡು ಡಿಐ ಇದೆ, ಚಿಲ್ಲರ್ ಇದೆ. ಏಪ್ರಿಲ್ ಬಿಸಿಲಲ್ಲೂ 26 ಡಿಗ್ರಿ ದಾಟಿಲ್ಲ.

ಉಪ್ಪುನೀರು_ಸರಸ್ವತಿಪುರಂ
ಟಿಡಿಎಸ್ 4 ಇರೋ ನೀರಲ್ಲಿ 4 ಪಿಪಿಎಂ ಅಮೋನಿಯಾ ಎಲ್ಲಿಂದ ಬರುತ್ತೆ ಹೇಳಿ. ಬ್ಲೀಚ್ ಅಂದ್ರೆ ದ್ರವವಾ, ಬ್ಲೀಚಿಂಗ್ ಪೌಡರ್ರಾ? ಪೌಡರ್ ಆದ್ರೆ ಸುಣ್ಣದಂಥ ಗಸಿ ಕಲ್ಲಿನ ತೂತಲ್ಲಿ ಕೂತುಬಿಡುತ್ತೆ. ಇನ್ನೊಂದು, ಬ್ಲೀಚ್ ಹಾಕಿದ್ಮೇಲೆ ಕಲ್ಲಲ್ಲಿ ಬ್ಯಾಕ್ಟೀರಿಯಾ ಉಳಿದಿರಲ್ಲ. ಅಮೋನಿಯಾ ತಿನ್ನೋಕೆ ಯಾರೂ ಇಲ್ಲ, ಅದಕ್ಕೇ ಇಳಿಯುತ್ತಿಲ್ಲ. ಬಾಟಲಿ ಬ್ಯಾಕ್ಟೀರಿಯಾ ಹಾಕಿ ಕಾಯಿರಿ.

ನಾಲ್ಕಡಿ_ರೀಫ್
ಮೊದಲು ಮೆಂಬ್ರೇನ್ ನೋಡ್ಲಿ.

ಬನ್ನೂರು_ಮೀನು
ಇಷ್ಟೊಂದು ಒದ್ದಾಟ ಯಾಕೆ? ಎಸೆದುಬಿಡಿ. ರಾಮೇಶ್ವರದ ಕಡೆಯಿಂದ ಲೈವ್ ರಾಕ್ (ಜೀವಾಣುಗಳಿರೋ ಸಮುದ್ರದ ಕಲ್ಲು) ತರಿಸಬಹುದು ಅಂತ ಕೇಳಿದ್ದೆ.

ಉಪ್ಪುನೀರು_ಸರಸ್ವತಿಪುರಂ
ದಯವಿಟ್ಟು ಬೇಡ. ಅದು ಮನ್ನಾರ್ ಕೊಲ್ಲಿ, ಸಾಗರ ರಾಷ್ಟ್ರೀಯ ಉದ್ಯಾನ ಇರೋ ಜಾಗ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಅಲ್ಲಿಂದ ಕಿತ್ತು ತಂದ್ರೆ ಹುಲಿಗೆ ಇರೋ ಕಾನೂನೇ ಇದಕ್ಕೂ. ಕಾನೂನು ಬಿಡಿ, ಬದುಕಿರೋ ಹವಳದ ದಿಬ್ಬ ಒಡೆದು ನಮ್ಮ ಮನೆ ಪಡಸಾಲೆಯಲ್ಲಿ ಇಡೋದು ಸರಿನಾ?

ಬನ್ನೂರು_ಮೀನು
ಗೊತ್ತಿರಲಿಲ್ಲ. ಮಾತು ವಾಪಸ್ ತಗೊಂಡೆ.

ಸಕ್ಕರೆನಾಡು_ಟ್ಯಾಂಕ್
ದ್ರವದ ಬ್ಲೀಚೇ, ಪೌಡರ್ ಅಲ್ಲ. ಅಣ್ಣ, ಮೆಂಬ್ರೇನ್ ಹೊಸದು, ಎರಡೇ ತಿಂಗಳಾಗಿದೆ. ಬರೀ ಉಪ್ಪುನೀರನ್ನೂ ಟೆಸ್ಟ್ ಮಾಡಿದೆ, ಅಮೋನಿಯಾ ಸೊನ್ನೆ. ದಯವಿಟ್ಟು ಕಲ್ಲಿನ ವಿಷಯ ಹೇಳಿ.

ಕುಕ್ಕರಹಳ್ಳಿ_ಕೆರೆ
ಕಣ್ಣು ಉರಿದಿದ್ದರ ಬಗ್ಗೆ ಯಾರೂ ಕೇಳಲಿಲ್ಲ. ತಾರಸಿ ಮೇಲೆ, ಗಾಳಿಯಲ್ಲಿ, ನೀರು ಬೆರೆಸಿದ ಬ್ಲೀಚ್ ಅಷ್ಟು ಉರಿಸಬಾರದು. ಬ್ಲೀಚಿಗೆ ಅಮೋನಿಯಾ ಸೇರಿದ್ರೆ ಕ್ಲೋರಮಿನ್ ಅನ್ನೋ ವಿಷದ ಗಾಳಿ ಏಳುತ್ತೆ. ಅಂದ್ರೆ ಡ್ರಮ್ಮಿಗೆ ಹೋಗೋ ಮೊದಲೇ ಕಲ್ಲಲ್ಲಿ ಅಮೋನಿಯಾ ಇತ್ತು. ಎರಡು ವರ್ಷ ಎಲ್ಲಿಟ್ಟಿದ್ರಿ? ಯಾವುದರಲ್ಲಿ?

ಸಕ್ಕರೆನಾಡು_ಟ್ಯಾಂಕ್
ಊರಲ್ಲಿ, ಕೊಟ್ಟಿಗೆ ಅಟ್ಟದ ಮೇಲೆ. ಖಾಲಿ ಚೀಲದಲ್ಲಿ ಕಟ್ಟಿಟ್ಟಿದ್ದೆ. ನಮ್ಮ ಮನೇಲಿ ಎಲ್ಲವನ್ನೂ ಅದರಲ್ಲೇ ಇಡೋದು.

ಕುಕ್ಕರಹಳ್ಳಿ_ಕೆರೆ
ಏನಿದ್ದ ಚೀಲ?

ಸಕ್ಕರೆನಾಡು_ಟ್ಯಾಂಕ್
ಡಿಎಪಿ ಗೊಬ್ಬರದ್ದು. ಕಬ್ಬಿಗೆ ತಂದಿದ್ದು.

ಸಾರ್, ಈಗಷ್ಟೇ ಊರಿಗೆ ಹೋಗಿ ನೋಡಿ ಬಂದೆ. ಚೀಲದಲ್ಲಿ ಇನ್ನೂ ಎರಡು ಕಲ್ಲು ಉಳಿದಿದ್ದವು. ಒಂದರ ಹೆಬ್ಬೆರಳು ಗಾತ್ರದ ತೂತಿನೊಳಗೆ ಕಂದು ಕಾಳುಗಳು ಮಳೆಗಾಲದ ತೇವಕ್ಕೆ ಕರಗಿ ಬೆಲ್ಲದ ಪಾಕದ ಹಾಗೆ ಹೆಪ್ಪುಗಟ್ಟಿವೆ. ಸ್ಕ್ರೂಡ್ರೈವರಿನಲ್ಲಿ ಕೆರೆದರೂ ಪೂರ್ತಿ ಬರಲಿಲ್ಲ. ಆ ಕಲ್ಲನ್ನು ಒಂದು ಬಕೆಟ್ ಆರ್‌ಓ ನೀರಲ್ಲಿ ರಾತ್ರಿ ಬಿಡ್ತೇನೆ.

ಸಕ್ಕರೆನಾಡು_ಟ್ಯಾಂಕ್
ಬೆಳಗ್ಗೆ ನೋಡಿದೆ. ಅಮೋನಿಯಾ 8 ಪಿಪಿಎಂ ದಾಟಿದೆ, ಕಾರ್ಡಿನಲ್ಲಿ ಅದಕ್ಕಿಂತ ಮುಂದೆ ಬಣ್ಣವೇ ಇಲ್ಲ.

ಕುಕ್ಕರಹಳ್ಳಿ_ಕೆರೆ
ಸಿಕ್ಕಿತು ನೋಡಿ. ಡಿಎಪಿ ಅಂದ್ರೆ ಡೈ ಅಮೋನಿಯಂ ಫಾಸ್ಫೇಟ್. ಚೀಲದ ಮೇಲೆ 18-46-0 ಅಂತ ಇರುತ್ತೆ ಅಲ್ವಾ? ಶೇ. 18 ಸಾರಜನಕ, ಅದು ಅಮೋನಿಯಂ ರೂಪದಲ್ಲೇ ಇರುತ್ತೆ. 46 ರಂಜಕದ ಲೆಕ್ಕ, ಅದು ಫಾಸ್ಫೇಟ್ ರೂಪದಲ್ಲಿರುತ್ತೆ. ನಿಮ್ಮ ಅಮೋನಿಯಾ, ಫಾಸ್ಫೇಟ್ ಎರಡು ರೀಡಿಂಗೂ ಒಂದೇ ಚೀಲದಿಂದ ಬಂದಿವೆ.

ಅಮೋನಿಯಾ ನೀರಲ್ಲಿ ಹೋಗುತ್ತೆ. ಕಷ್ಟ ಕೊಡೋದು ಫಾಸ್ಫೇಟ್. ಈ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್, ಫಾಸ್ಫೇಟನ್ನು ಮೈಗೆ ಅಂಟಿಸಿಕೊಳ್ಳುತ್ತೆ. ನೀರಲ್ಲಿ ಕಮ್ಮಿ ಆದಾಗ ನಿಧಾನಕ್ಕೆ ಬಿಟ್ಟುಕೊಡುತ್ತೆ. ಹಾಗೇ ಟ್ಯಾಂಕಿಗೆ ಹಾಕಿದ್ರೆ ತಿಂಗಳುಗಟ್ಟಲೆ ಪಾಚಿ.

ಉಪ್ಪು ಸುಮ್ನೆ ಹಾಳು ಮಾಡಬೇಡಿ. ಡ್ರಮ್ ಖಾಲಿ ಮಾಡಿ ಬರೀ ಆರ್‌ಓ ನೀರಲ್ಲಿ ನೆನೆಸಿ, ಎರಡು ದಿನಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಅಮೋನಿಯಾ ಏರೋದು ನಿಂತ ಮೇಲೆ ಹತ್ತು ಪಾಲು ನೀರಿಗೆ ಒಂದು ಪಾಲು ಮ್ಯುರಿಯಾಟಿಕ್ ಆಸಿಡ್ (ಹೈಡ್ರೋಕ್ಲೋರಿಕ್ ಆಸಿಡ್) ಬೆರೆಸಿ ಕೆಲವು ನಿಮಿಷ ಅದ್ದಿ. ಮೇಲಿನ ಪದರ ನೊರೆಯೆದ್ದು ಕರಗುತ್ತೆ, ಅಂಟಿದ ಫಾಸ್ಫೇಟೂ ಹೋಗುತ್ತೆ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ. ಬ್ಲೀಚ್ ಹತ್ತಿರವೂ ಇರಬಾರದು, ಕ್ಲೋರಿನ್ ಗಾಳಿ ಏಳುತ್ತೆ.

ಉಪ್ಪುನೀರು_ಸರಸ್ವತಿಪುರಂ
ನಾನು ಒಪ್ಪಲ್ಲ. ಚಿಕ್ಕ ಮಗು ಇರೋ ಮನೇಲಿ ಆಸಿಡ್ ಯಾಕೆ? ಉಪ್ಪುನೀರು ಮಾಡಿದ ಮೇಲೆ ಲ್ಯಾಂಥನಂ ಕ್ಲೋರೈಡ್ ಹನಿ ಹನಿಯಾಗಿ ಹಾಕಲಿ. ಫಾಸ್ಫೇಟ್ ಬಿಳಿ ಪುಡಿಯಾಗಿ ಬೀಳುತ್ತೆ, ಸಾಕ್ಸ್ ಫಿಲ್ಟರ್ (ಚೀಲದಂಥ ಬಟ್ಟೆ ಫಿಲ್ಟರ್) ಹಿಡಿಯುತ್ತೆ. ಮೀನಿಲ್ಲದ ಡ್ರಮ್ ಆದ್ದರಿಂದ ಭಯವಿಲ್ಲ.

ಕುಕ್ಕರಹಳ್ಳಿ_ಕೆರೆ
ಇಷ್ಟು ಫಾಸ್ಫೇಟಿಗೆ ಬರೀ ಲ್ಯಾಂಥನಂ ಅಂದ್ರೆ ತಿಂಗಳುಗಳು ಬೇಕು.

ಉಪ್ಪುನೀರು_ಸರಸ್ವತಿಪುರಂ
ಬೇಕಾಗಲಿ. ಎರಡು ವರ್ಷ ಕಾದವರು.

ಸಕ್ಕರೆನಾಡು_ಟ್ಯಾಂಕ್
ಏಳು ವಾರದ ನಂತರ ಬರೆಯುತ್ತಿದ್ದೇನೆ. ಆಸಿಡ್ ಮುಟ್ಟಲಿಲ್ಲ. ಬರೀ ನೀರಲ್ಲಿ ಎರಡು ವಾರ, ಏಳು ಸಲ ಬದಲಾವಣೆ. ಆಮೇಲೆ ಉಪ್ಪುನೀರು, ಬ್ಯಾಕ್ಟೀರಿಯಾ, ಲ್ಯಾಂಥನಂ. ಡ್ರಮ್ಮಿಗೆ ಮುಚ್ಚಳ, ಒಳಗೆ ಕತ್ತಲೆ. ಅಮೋನಿಯಾ ಸೊನ್ನೆ, ಬ್ಯಾಕ್ಟೀರಿಯಾ ಅದರಿಂದ ಮಾಡೋ ನೈಟ್ರೈಟೂ ಸೊನ್ನೆ. ಫಾಸ್ಫೇಟ್ 0.4ಕ್ಕೆ ಬಂದಿದೆ. 0.1 ಆಗೋವರೆಗೂ ಟ್ಯಾಂಕಿಗೆ ಹಾಕಲ್ಲ. ಉಳಿದ ಆ ಎರಡು ಕಲ್ಲನ್ನು ತೆಂಗಿನ ಬುಡಕ್ಕೆ ಇಟ್ಟೆ. ಮೊನ್ನೆ ಮುಚ್ಚಳ ತೆಗೆದಾಗ ಕೆಟ್ಟ ವಾಸನೆ ಇರಲಿಲ್ಲ, ಸಮುದ್ರದ ದಡದ ವಾಸನೆ ಇತ್ತು. ಮಗಳನ್ನು ಎತ್ತಿ ತೋರಿಸಿದೆ.

ಬನ್ನೂರು_ಮೀನು
ಒಳ್ಳೇದಾಯ್ತು ಅಣ್ಣ. ನನ್ನ ಕಲ್ಲು ಸಿಮೆಂಟ್ ಚೀಲದಲ್ಲಿದೆ. ಅದಕ್ಕೇನು ಮಾಡಬೇಕು?