ಬಾಹ್ಯಾಕಾಶ ರೋಲ್‌ಪ್ಲೇ ಆಟದಲ್ಲಿ ಯಾವುದು ಪೈರಸಿ, ಯಾವುದು ಬರೀ ಕಳ್ಳತನ?

ಧೂಮಕೇತು (ಪ್ರಶ್ನೆ):
ಹೊಸ ಆಟಕ್ಕೆ ಕಾನೂನಿನ ಚೌಕಟ್ಟು ಬರೆಯುತ್ತಿದ್ದೇನೆ. ಗ್ರಹಕ್ಕೊಂದು ಸರ್ಕಾರ, ನಡುವೆ ಯಾರಿಗೂ ಸೇರದ ಬಯಲು. ಆಟಗಾರರ ಮೇಲೆ ನಾಲ್ಕು ಆರೋಪಗಳಿವೆ: ಬಯಲಲ್ಲಿ ಸರಕು ನೌಕೆ ತಡೆದು ಅದಿರು ಇಳಿಸಿಕೊಂಡದ್ದು, ನಿಲ್ದಾಣದಲ್ಲಿ ನಿಂತ ನೌಕೆಯಿಂದ ಕಂಟೇನರ್ ಎತ್ತಿದ್ದು, ಕ್ಯಾಪ್ಟನ್‌ನನ್ನು ಕೂಡಿಹಾಕಿ ತಾವು ದುಡಿಯುತ್ತಿದ್ದ ನೌಕೆಯನ್ನೇ ವಶ ಮಾಡಿಕೊಂಡದ್ದು, ಬಂಡಾಯ ವಸಾಹತಿನ ಪರವಾನಗಿ ಹಿಡಿದು ಶತ್ರುಪಕ್ಷದ ವ್ಯಾಪಾರಿ ನೌಕೆ ಹಿಡಿದದ್ದು. ಎಲ್ಲಕ್ಕೂ ಒಂದೇ ಹಣೆಪಟ್ಟಿ ಹಚ್ಚಿದರೆ ಆಟ ಸಪ್ಪೆ. ಗೆರೆ ಎಲ್ಲಿ ಎಳೆಯಲಿ?

ಲಂಗರು:
1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದಲ್ಲಿ ಪೈರಸಿ ಎಂದರೇನು ಎಂದು ಹೇಳುವ 101ನೇ ವಿಧಿಯನ್ನು ಅಡಿಪಾಯ ಮಾಡಿಕೊಳ್ಳಿ. ಹಿಂಸೆ, ಬಂಧನ ಅಥವಾ ಲೂಟಿ ನಡೆದಿರಬೇಕು. ಸ್ವಂತ ಲಾಭ ಅಥವಾ ಹಗೆಯಂಥ ಖಾಸಗಿ ಉದ್ದೇಶ ಇರಬೇಕು. ಖಾಸಗಿ ನೌಕೆಯವರು ಇನ್ನೊಂದು ನೌಕೆಯ ಮೇಲೆ ಮಾಡಿರಬೇಕು. ಜಾಗ ಯಾವ ದೇಶದ ಅಧಿಕಾರಕ್ಕೂ ಸೇರಿರಬಾರದು.

ನಿಮ್ಮ ಮೊದಲ ಆರೋಪ ಅಪ್ಪಟ ಪೈರಸಿ. ಎರಡನೆಯದು ನಿಲ್ದಾಣದ ಪೊಲೀಸರು ನೋಡಿಕೊಳ್ಳುವ ಕಳ್ಳತನ. ಮೂರನೆಯದು ದಂಗೆ, ಅಲ್ಲಿ ಎರಡನೇ ನೌಕೆಯೇ ಇಲ್ಲ. 1985ರಲ್ಲಿ ಅಕಿಲೆ ಲಾರೊ ಹಡಗನ್ನು ಅಪಹರಿಸಿದವರು ಪ್ರಯಾಣಿಕರಾಗಿಯೇ ಹತ್ತಿದ್ದರು. ಆ ಬಿರುಕು ಮುಚ್ಚಲು 1988ರಲ್ಲಿ ರೋಮ್‌ನಲ್ಲಿ ಬೇರೆಯೇ ಒಪ್ಪಂದ ಆಯಿತು. ದಂಗೆಕೋರರು ಆ ನೌಕೆಯಿಂದ ಬಯಲಲ್ಲಿ ಇನ್ನೊಂದನ್ನು ದೋಚಿದ ಕ್ಷಣ ಪೈರಸಿ ಶುರು.

ಆಟ ನಡೆಸುವ ಗೇಮ್ ಮಾಸ್ಟರ್‌ಗೆ ಇದು ಯಾಕೆ ಮುಖ್ಯ ಅಂದರೆ, 105ನೇ ವಿಧಿಯಂತೆ ಪೈರಸಿ ನೌಕೆಯನ್ನು ಯಾವ ದೇಶ ಬೇಕಾದರೂ ಹಿಡಿದು ತನ್ನದೇ ಕೋರ್ಟಿನಲ್ಲಿ ವಿಚಾರಣೆ ಮಾಡಬಹುದು. ಕಂಟೇನರ್ ಕದ್ದವರು ಗಡಿ ದಾಟಿದರೆ ಉಸಿರಾಡಬಹುದು, ಪೈರಸಿ ಮಾಡಿದವರಿಗೆ ಆ ಗಡಿಯೇ ಇಲ್ಲ.

ಕಕ್ಷೆ:
ಒಂದು ಸೇರ್ಪಡೆ. 101ನೇ ವಿಧಿಯ ಎರಡನೇ ಉಪಭಾಗ, ಯಾರಿಗೂ ಸೇರದ ಜಾಗದಲ್ಲಿರುವ ಜನ ಮತ್ತು ಆಸ್ತಿಯ ಮೇಲಿನ ದಾಳಿಯನ್ನೂ ಒಳಗೊಳ್ಳುತ್ತದೆ. ಒಡೆಯನಿಲ್ಲದ ಕ್ಷುದ್ರಗ್ರಹದ ಗಣಿ ಶಿಬಿರವನ್ನು ನೌಕೆಯಲ್ಲಿ ಬಂದು ದೋಚಿದರೆ, ಅಲ್ಲಿ ಬೇರೆ ನೌಕೆ ಇಲ್ಲದಿದ್ದರೂ ಪೈರಸಿ ಎಂದು ವಾದಿಸಬಹುದು.

ಗಡಿಯನ್ನು ಅಂಕಿಯಲ್ಲೇ ಬರೆಯಿರಿ. ಸಮುದ್ರದಲ್ಲಿ 12 ನಾಟಿಕಲ್ ಮೈಲಿ. ನಿಮ್ಮಲ್ಲಿ ಗ್ರಹದ ವ್ಯಾಸದ 100 ಪಟ್ಟು ಅನ್ನೋಣ. ಭೂಮಿಯಂಥ ಗ್ರಹಕ್ಕೆ ಸುಮಾರು 12.7 ಲಕ್ಷ ಕಿ.ಮೀ. ದಾಳಿಯ ಬೆಳಕು ನಾಲ್ಕು ಸೆಕೆಂಡಿನಲ್ಲಿ ಗ್ರಹ ಮುಟ್ಟುತ್ತದೆ. ಆದರೆ 1 ಜಿ (ಭೂಮಿಯ ಗುರುತ್ವದಷ್ಟು) ವೇಗೋತ್ಕರ್ಷದಲ್ಲಿ ಹೊರಟು ಅರ್ಧದಾರಿಯಲ್ಲಿ ತಿರುಗಿ ಬ್ರೇಕ್ ಹಾಕುವ ಗಸ್ತು ನೌಕೆಗೆ ಸುಮಾರು 6 ಗಂಟೆ 20 ನಿಮಿಷ ಬೇಕು, 2 ಜಿ ಆದರೂ ನಾಲ್ಕೂವರೆ ಗಂಟೆ. ದರೋಡೆಗೆ ಸಿಗುವ ಸಮಯ ಅಷ್ಟೇ. ಎಷ್ಟೋ ಆಟಗಳಲ್ಲಿ ಗಸ್ತು ನೌಕೆ ಐದೇ ನಿಮಿಷಕ್ಕೆ ಪ್ರತ್ಯಕ್ಷವಾಗಿ ಇಡೀ ಲೆಕ್ಕ ಕೆಡುತ್ತದೆ.

ಹಳೇನಕ್ಷೆ:
ನಾಲ್ಕನೆಯದೇ ಸೊಗಸಾದ ಪ್ರಕರಣ. ಯುದ್ಧಕಾಲದಲ್ಲಿ ಸರ್ಕಾರದ ಪರವಾನಗಿ ಪಡೆದ ಖಾಸಗಿ ಹಡಗುಗಳು ಶತ್ರುವಿನ ವ್ಯಾಪಾರಿ ಹಡಗು ಹಿಡಿಯುವುದು ಒಂದು ಕಾಲಕ್ಕೆ ಕಾನೂನುಬದ್ಧ. ಅದನ್ನು ರದ್ದು ಮಾಡಿದ್ದು 1856ರ ಪ್ಯಾರಿಸ್ ಘೋಷಣೆ. ಹಿಡಿದ ಹಡಗನ್ನು ಕೋರ್ಟಿನ ಮುಂದೆ ತರಬೇಕಿತ್ತು, ತೀರ್ಪು ಬರುವ ಮೊದಲು ಸರಕು ಮಾರುವಂತಿರಲಿಲ್ಲ. ಆಟದಲ್ಲಿ ಮೂರು ಪ್ರಶ್ನೆ ಕೇಳಿ: ಪರವಾನಗಿಯ ಅವಧಿ ಮುಗಿದಿತ್ತೇ? ನೌಕೆ ನಿಜಕ್ಕೂ ಶತ್ರುಪಕ್ಷದ್ದೇ? ವಸಾಹತನ್ನು ಸರ್ಕಾರ ಎಂದು ಯಾರು ಮಾನ್ಯ ಮಾಡಿದ್ದಾರೆ? ಮೂರನೆಯದಕ್ಕೆ ಗ್ರಹಕ್ಕೊಂದು ಉತ್ತರ ಬರೆದಿಡಿ. ಒಂದೇ ತಂಡ ಒಂದು ಬಂದರಿನಲ್ಲಿ ವೀರರು, ಮುಂದಿನದರಲ್ಲಿ ನೇಣಿಗೆ ಅರ್ಹರು.

ಧೂಮಕೇತು:
ದಾಳಿಯನ್ನು ಡ್ರೋನ್‌ಗಳೇ ಮಾಡಿದರೆ? ಕದ್ದ ಅದಿರು ಕೊಂಡ ದಲ್ಲಾಳಿಯ ಕಥೆ?

ಲಂಗರು:
ಡ್ರೋನ್ ನಡೆಸಿದ ನೌಕೆಯೇ ದಾಳಿಕೋರ ಎಂದು ನಿಯಮ ಮಾಡಿ. ನಿಲ್ದಾಣದಲ್ಲಿ ಕೂತು ನಡೆಸಿದರೆ ಆ ನಿಲ್ದಾಣದ ಕಾನೂನು. ದಲ್ಲಾಳಿ ಆಮೇಲೆ ಕೊಂಡಿದ್ದರೆ ಕಳವು ಮಾಲಿನ ಕೇಸು ಮಾತ್ರ. ಮೊದಲೇ ನೌಕೆಯ ದಾರಿ, ವೇಳೆ ತಿಳಿಸಿ ಕಳಿಸಿದ್ದರೆ ಅವನೂ ಪೈರಸಿಯಲ್ಲಿ ಪಾಲುದಾರ, ಬೇಕೆಂದೇ ಅನುಕೂಲ ಮಾಡಿಕೊಡುವುದನ್ನೂ 101ನೇ ವಿಧಿ ಸೇರಿಸುತ್ತದೆ. ಹಾಗಾಗಿ ಅವನ ಸಂದೇಶಗಳ ಸಮಯ ಮುದ್ರೆಯನ್ನು ಸುಳಿವಾಗಿ ಇಡಿ.