ಸ್ಲೀವ್ ಆಪರೇಷನ್ ಆದ ಮೇಲೆ ಟೆಸ್ಟೋಸ್ಟೆರಾನ್ ಸರಿಹೋಗುತ್ತದಾ? ಮಾಡಿಸಿಕೊಂಡವರು ಹೇಳಿ

ಪ್ರಶ್ನೆ: ವಯಸ್ಸು 34, ತೂಕ 128 ಕೆಜಿ. ಮಕ್ಕಳಿಲ್ಲ. ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) 210 ಅಂತ ಕಡಿಮೆ ಬಂದಿದೆ. ಡಾಕ್ಟರು ತೂಕ ಇಳಿಸಲು ಸ್ಲೀವ್ ಆಪರೇಷನ್ (ಜಠರದ ದೊಡ್ಡ ಭಾಗ ಕತ್ತರಿಸಿ ತೆಗೆಯುವುದು) ಬಗ್ಗೆ ಯೋಚಿಸಿ ಎಂದರು. ಜಿಮ್‌ನವರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡರೆ ಸಾಕು ಎನ್ನುತ್ತಾರೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1: ಸರ್, ಮಗು ಬೇಕು ಅಂತಿದ್ದರೆ ಆ ಇಂಜೆಕ್ಷನ್ ಹತ್ತಿರ ಹೋಗಲೇಬೇಡಿ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ (ಟೆಸ್ಟೋಸ್ಟೆರಾನ್, ವೀರ್ಯಾಣು ತಯಾರಿಸು ಅಂತ ವೃಷಣಕ್ಕೆ ಹೇಳುವ ಹಾರ್ಮೋನ್‌ಗಳು) ಬಿಡುವುದನ್ನೇ ಕಡಿಮೆ ಮಾಡುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು.

ನಾನು ಸ್ಲೀವ್ ಮಾಡಿಸಿಕೊಂಡವನು. ಹೊಟ್ಟೆಯ ಕೊಬ್ಬಿನಲ್ಲಿ ಅರೋಮಟೇಸ್ ಅನ್ನುವ ಕಿಣ್ವ ಇರುತ್ತದೆ, ಅದು ಟೆಸ್ಟೋಸ್ಟೆರಾನನ್ನು ಈಸ್ಟ್ರೋಜನ್ (ಹೆಂಗಸರಲ್ಲಿ ಜಾಸ್ತಿ ಇರುವ ಹಾರ್ಮೋನ್) ಆಗಿ ಬದಲಾಯಿಸುತ್ತದೆ, ಆ ಈಸ್ಟ್ರೋಜನ್ ಜಾಸ್ತಿಯಾದರೆ ಮತ್ತೆ ಪಿಟ್ಯುಟರಿಯನ್ನೇ ತಡೆಯುತ್ತದೆ ಅಂತ ನಮ್ಮ ಡಾಕ್ಟರು ಚಿತ್ರ ಬರೆದು ತೋರಿಸಿದರು. ಕೊಬ್ಬು ಕರಗಿದರೆ ಈ ಸುತ್ತು ಕಡಿಯುತ್ತದೆ. ನನಗೆ ಹಾಗೇ ಆಯಿತು. ತೂಕ ಇಳಿಯುತ್ತಾ ಹೋದಂತೆ ಟೆಸ್ಟೋಸ್ಟೆರಾನ್ ಏರಿತು, ಆಸಕ್ತಿ ಮರಳಿತು, ಗೊರಕೆ ಹೋಯಿತು, ಬೆಳಿಗ್ಗೆ ಎದ್ದಾಗ ಸುಸ್ತು ಇರುತ್ತಿರಲಿಲ್ಲ. ಆದರೆ ಊಟದ ಕ್ರಮ ಪೂರ್ತಿ ಬದಲಾಗುತ್ತದೆ. ಮುದ್ದೆ ನುಂಗುವ ಕಾಲ ಮುಗಿಯಿತು, ಎಲ್ಲವನ್ನೂ ಅಗಿದೇ ತಿನ್ನಬೇಕು.

ಉತ್ತರ 2: ನಾನು ಈ ಆಪರೇಷನ್ ಮಾಡಿಸಿಕೊಂಡವರ ಹೆಂಡತಿ. ನಮ್ಮವರಿಗೂ ಹಾರ್ಮೋನ್ ಚೆನ್ನಾಗಿ ಏರಿತು, ಆದರೆ ಮೊದಲ ಕೆಲವು ತಿಂಗಳು ವೀರ್ಯ ಪರೀಕ್ಷೆ ಮೊದಲಿಗಿಂತ ಕೆಟ್ಟದಾಗಿ ಬಂತು. ಎಷ್ಟು ಅತ್ತಿದ್ದೇನೋ. ಆಮೇಲೆ ಗೊತ್ತಾಯಿತು, ತೂಕ ಬೇಗ ಇಳಿಯುವಾಗ ಕೆಲವರಿಗೆ ಹೀಗೆ ಆಗುತ್ತದೆ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು, ಆ ಸಮಯದಲ್ಲಿ ದೇಹಕ್ಕೆ ಸಿಗುವ ಊಟವೇ ಕಡಿಮೆ. ಬಿ12, ಕಬ್ಬಿಣ, ಸತು, ವಿಟಮಿನ್ ಡಿ ಮಾತ್ರೆ ಒಂದನ್ನೂ ಬಿಡಬೇಡಿ, ಸಸ್ಯಾಹಾರಿಗಳಾದರೆ ಬಿ12 ಬಗ್ಗೆ ಇನ್ನೂ ಜಾಗ್ರತೆ. ಹಾರ್ಮೋನ್ ಏರಿದರೆ ವೀರ್ಯಾಣುವೂ ಏರುತ್ತದೆ ಅಂತ ಯಾರೂ ಖಾತ್ರಿ ಕೊಡಲು ಆಗುವುದಿಲ್ಲ ಅಣ್ಣ. ಅದಕ್ಕೇ ಆಪರೇಷನ್‌ಗೆ ಮುಂಚೆ ಒಂದು ವೀರ್ಯ ಪರೀಕ್ಷೆ ಮಾಡಿಸಿ, ಸಾಧ್ಯವಾದರೆ ಸ್ಯಾಂಪಲ್ ಫ್ರೀಜ್ ಮಾಡಿಸಿಡಿ. ನಿಮ್ಮ ಮನೆಯವರ ಪರೀಕ್ಷೆಗಳೂ ಜೊತೆಗೇ ಆಗಲಿ, ಅವರ ವಯಸ್ಸನ್ನೂ ಲೆಕ್ಕಕ್ಕೆ ತಗೊಂಡು ಎಷ್ಟು ಕಾಯಬಹುದು ಅಂತ ಡಾಕ್ಟರನ್ನು ಕೇಳಿ.

ಉತ್ತರ 3: ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಆ 210 ಯಾವ ಹೊತ್ತಿನಲ್ಲಿ ಕೊಟ್ಟ ರಕ್ತ? ಮಧ್ಯಾಹ್ನ ಊಟ ಮಾಡಿ ಬಂದು ಕೊಟ್ಟರೆ ಕಡಿಮೆಯೇ ತೋರಿಸುತ್ತದೆ. ಬೆಳಿಗ್ಗೆ 10ರ ಒಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ದಿನ ಇನ್ನೊಮ್ಮೆ ಕೊಡಿ. ಜೊತೆಗೆ ಎಸ್‌ಎಚ್‌ಬಿಜಿ ಬರೆಸಿಕೊಳ್ಳಿ. ಟೆಸ್ಟೋಸ್ಟೆರಾನನ್ನು ರಕ್ತದಲ್ಲಿ ಹಿಡಿದುಕೊಂಡು ಓಡಾಡುವ ಪ್ರೋಟೀನ್ ಅದು, ದಪ್ಪ ಇರುವವರಲ್ಲಿ ಇನ್ಸುಲಿನ್ ಜಾಸ್ತಿ ಇರುವುದರಿಂದ ಕಡಿಮೆಯಾಗಿರುತ್ತದೆ, ಹಾಗಾಗಿ ಒಟ್ಟು ಅಂಕಿಯೂ ಕಡಿಮೆ ಕಾಣುತ್ತದೆ. ಆಪರೇಷನ್ ಆದ ಮೇಲೆ ಈ ಪ್ರೋಟೀನ್ ಏರುತ್ತದೆ, ಒಟ್ಟು ಟೆಸ್ಟೋಸ್ಟೆರಾನ್ ಏರುವುದರಲ್ಲಿ ಒಂದು ಪಾಲು ಅದರದ್ದೇ. ಫ್ರೀ ಟೆಸ್ಟೋಸ್ಟೆರಾನ್ (ಪ್ರೋಟೀನ್‌ಗೆ ಅಂಟದೆ ಬಿಡಿಯಾಗಿರುವ ಪಾಲು) ಕೂಡ ನೋಡಿದರೆ ನಿಜವಾದ ಬದಲಾವಣೆ ತಿಳಿಯುತ್ತದೆ. ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ (ಪಿಟ್ಯುಟರಿಯದ್ದೇ ಇನ್ನೊಂದು ಹಾರ್ಮೋನ್) ಕೂಡ ಒಟ್ಟಿಗೇ ಮಾಡಿಸಿ, ಯಾಕೆಂದರೆ ಟೆಸ್ಟೋಸ್ಟೆರಾನ್ ಕಡಿಮೆಯಾಗಲು ತೂಕ ಒಂದೇ ಕಾರಣ ಆಗಿರಬೇಕಾಗಿಲ್ಲ.